ಎರಡು ಸಾಲು ಅಡಿಕೆ ಮರ ಮತ್ತು ಒಂದು ನೀಲಿ ಚುಕ್ಕೆ

ದೀಪಾವಳಿಗೆ ಊರಿಗೆ ಹೋದಾಗ ತೋಟದ ಅಂಚಿನಲ್ಲಿ ನಾಲ್ಕು ಜನ ತಲೆ ತಗ್ಗಿಸಿ ನಿಂತಿದ್ದರು. ಯಾರಿಗೋ ಹಾವು ಕಚ್ಚಿತೇ ಎಂದು ಗಾಬರಿಯಿಂದ ಓಡಿದೆ. ನೋಡಿದರೆ ಎಲ್ಲರ ಕಣ್ಣೂ ಒಂದು ಮೊಬೈಲ್ ಮೇಲೆ. ಪಕ್ಕದ ತೋಟದ ಭಾವ ಸರ್ವೆ ನಂಬರ್ ತೋರಿಸುವ ಒಂದು ಆ್ಯಪ್ ತೆರೆದುಕೊಂಡು, ನೀಲಿ ಚುಕ್ಕೆ ಓಡಿದತ್ತ ತಾವೂ ಹೆಜ್ಜೆ ಹಾಕುತ್ತಿದ್ದರು. ಗಡಿಯ ಗೆರೆ ನಮ್ಮ ದೊಡ್ಡಪ್ಪನ ಮಗನ ತೋಟದೊಳಗೆ ಎರಡು ಸಾಲು ಒಳಗಿದೆ.

"ನೋಡು, ಗೆರೆ ನಾನು ಎಳೆದದ್ದಲ್ಲ," ಎಂದರು ಭಾವ.

"ಹಾಗಾದರೆ ನಮ್ಮ ಅಜ್ಜ ಅಗಳ ಹೊಡೆಸಿದ್ದು ನಿಮ್ಮ ಜಾಗದಲ್ಲೋ?" ಎಂದ ಅಣ್ಣ.

ಅಗಳ ಎಂದರೆ ನಮ್ಮ ಕಡೆ ತೋಟದ ಸುತ್ತ ತೋಡಿದ ಕಂದಕ. ಅದು ಅಲ್ಲಿದ್ದು ನೂರು ವರ್ಷವಾದರೂ ಆಗಿರಬೇಕು. ಬಾಳೆಯೆಲೆ ಹಾಕಿಕೊಂಡು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಎರಡು ಮನೆಗಳು ಈಗ ಒಂದು ಚುಕ್ಕೆಯ ದೆಸೆಯಿಂದ ಮಾತು ಬಿಟ್ಟಿವೆ. ಈ ಬರಹಕ್ಕೆ ಕಾರಣ ಅದೇ.

ಒಂದು ಲೆಕ್ಕ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಆ್ಯಪ್‌ನಲ್ಲಿ ಕಾಣುವ ಗೆರೆಗಳ ಮೂಲ ನಮ್ಮ ಹಳೆಯ ಗ್ರಾಮ ನಕಾಶೆ. ಅದರ ಪ್ರಮಾಣ 1:7920. ಎಲ್ಲಿಂದ ಬಂತು ಈ ಸಂಖ್ಯೆ ಎಂದು ಯಾರಿಗಾದರೂ ಅನ್ನಿಸಬೇಕು. ಕಾಗದದ ಒಂದು ಅಂಗುಲಕ್ಕೆ ನೆಲದ 660 ಅಡಿ. ಹಾಗಾಗಿ ಕಾಗದದ ಒಂದು ಚದರ ಅಂಗುಲಕ್ಕೆ ಸರಿಯಾಗಿ ಹತ್ತು ಎಕರೆ. ಸರ್ವೆಯ ಹಳೆಯ ಸರಪಳಿ 33 ಅಡಿ, ಅದಕ್ಕೆ ಹದಿನಾರು ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಜಾಗ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಎಲ್ಲವೂ ಒಂದರೊಳಗೊಂದು ಕೂತುಕೊಳ್ಳುವ ಹಾಗೆ ಕಟ್ಟಿದ ಲೆಕ್ಕ. ಕ್ಯಾಲ್ಕುಲೇಟರ್ ಇಲ್ಲದ ಕಾಲದ ಗುಮಾಸ್ತನಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿರಲಾರರು.

ಆದರೆ ಆ ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ನೆಲದ ಮೇಲೆ ಅದು ಸುಮಾರು ನಾಲ್ಕು ಮೀಟರ್ ಅಗಲ. ಅಡಿಕೆ ಸಸಿ ನೆಡುವುದು ಒಂಬತ್ತು ಅಡಿ ಅಂತರಕ್ಕೆ, 2.7 ಮೀಟರ್. ನಕಾಶೆ ಬರೆದವನ ಲೇಖನಿಯ ಮೊನೆಯೇ ಒಂದೂವರೆ ಸಾಲು ಮರ ನುಂಗಿ ಕೂತಿದೆ. ಆಮೇಲೆ, ಮಡಚಿ ಮಡಚಿ ಸುಕ್ಕಾದ ಹಾಳೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹದ ಚಿತ್ರಕ್ಕೆ ಹೊಂದಿಸುವಾಗ ಇನ್ನಷ್ಟು ಆಚೀಚೆ. ಇವೆಲ್ಲದರ ಮೇಲೆ ಮೊಬೈಲ್‌ನ ಜಿಪಿಎಸ್. ಬಯಲಿನಲ್ಲಿ ನಿಂತರೂ ಐದು ಮೀಟರ್ ಹೆಚ್ಚು ಕಡಿಮೆ ತೋರಿಸುವುದು ಅದಕ್ಕೆ ಸಹಜ. ಅಡಿಕೆ ತೋಟದ ನೆರಳಿನಲ್ಲಂತೂ ಚುಕ್ಕೆ ನಿಂತಲ್ಲಿ ನಿಲ್ಲುವುದಿಲ್ಲ. ಎರಡು ಸಾಲು ಮರದ ಜಗಳಕ್ಕೆ ಎರಡು ಸಾಲಿಗಿಂತ ಹೆಚ್ಚು ತಪ್ಪುವ ಸಾಕ್ಷಿ!

ಇದನ್ನೆಲ್ಲ ಅಲ್ಲೇ ವಿವರಿಸಲು ಹೋದೆ. ಬೆಂಗಳೂರಿನವನ ಭಾಷಣ ಎಂದು ಇಬ್ಬರೂ ನನ್ನ ಮೇಲೆಯೇ ಸಿಟ್ಟಾದರು. ಕೊನೆಗೆ ಊರಿನಲ್ಲೇ ಇರುವ ನಿವೃತ್ತ ಭೂಮಾಪಕರ ಮನೆಗೆ ಕರೆದುಕೊಂಡು ಹೋದೆ. ಅವರು ಆ್ಯಪ್ ನೋಡಲೂ ಇಲ್ಲ, ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದರು: "ನಕಾಶೆ ನೋಡಿ ಜಗಳ ಆಡಬಹುದು, ಗಡಿ ಹಾಕಲು ಬರುವುದಿಲ್ಲ. ಟಿಪ್ಪಣಿ ತೆಗೆಸಿ."

ಟಿಪ್ಪಣಿ ಗೊತ್ತಿಲ್ಲದವರಿಗಾಗಿ: ಪ್ರತಿ ಸರ್ವೆ ನಂಬರಿಗೂ ಮೂಲ ಅಳತೆಯ ಹಾಳೆ ಒಂದಿರುತ್ತದೆ. ನೋಡಲು ಮಕ್ಕಳು ಗೀಚಿದ ಚಿತ್ರದ ಹಾಗೆ. ಒಂದು ನಡುಗೆರೆ, ಅದರಿಂದ ಆಚೆಗೆ ಈಚೆಗೆ ಅಡ್ಡಗೆರೆ, ಗೆರೆಗಳ ಮೇಲೆ ಸರಪಳಿ ಮತ್ತು ಆಣೆಯ ಅಂಕಿ. ಚಿತ್ರದ ಅಂದಚೆಂದಕ್ಕೆ ಅಲ್ಲಿ ಬೆಲೆಯಿಲ್ಲ, ಅಂಕಿಯೇ ಎಲ್ಲ. ಗ್ರಾಮ ನಕಾಶೆಯಲ್ಲಿ ಇದು ತಲೆಕೆಳಗು: ಅಲ್ಲಿ ಅಳತೆಯ ಅಂಕಿ ಇಲ್ಲ, ಆಕಾರ ಇದೆ. ಯಾವ ನಂಬರಿನ ಪಕ್ಕ ಯಾವ ನಂಬರು, ಹಳ್ಳ ಯಾವ ಕಡೆಯಿಂದ ಬಂತು, ಮೂರು ಊರಿನ ಗಡಿ ಕೂಡುವ ಕಲ್ಲು ಎಲ್ಲಿ ಎಂದು ಹೇಳುವುದು ಅದರ ಕೆಲಸ. ಒಂದೇ ಇಲಾಖೆಯ ಕಪಾಟಿನಲ್ಲಿರುವ ಎರಡು ಕಾಗದ, ಎರಡೂ ನಕ್ಷೆಯೇ. ಒಂದರ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿದರೆ ಹೊಡೆದಾಟ.

ನನ್ನ ತಕರಾರು ಇಷ್ಟೇ. ನಾವು ಎಲ್ಲ ನಕ್ಷೆಗಳನ್ನೂ ಒಂದೇ ಎಂದುಕೊಂಡಿದ್ದೇವೆ. ಪ್ರತಿ ನಕ್ಷೆಯನ್ನೂ ಯಾರೋ ಯಾವುದೋ ಕೆಲಸಕ್ಕೆಂದು ಬರೆಸಿರುತ್ತಾರೆ. ಆ ಕೆಲಸ ಬಿಟ್ಟು ಬೇರೆ ಏನು ಕೇಳಿದರೂ ನಕ್ಷೆ ಬಾಯಿ ಮುಚ್ಚಿಕೊಂಡಿರುವುದಿಲ್ಲ, ಧೈರ್ಯವಾಗಿ ತಪ್ಪು ಉತ್ತರ ಕೊಡುತ್ತದೆ. ಕನ್ನಡಕ್ಕೆ ಈ ವ್ಯತ್ಯಾಸ ಮೊದಲೇ ಗೊತ್ತಿತ್ತೇನೋ. ತಾಲ್ಲೂಕು ಕಚೇರಿಯಲ್ಲಿ ಕೇಳುವುದು ನಕಾಶೆ, ಎಂಜಿನಿಯರ್ ಬಳಿ ಬರೆಸುವುದು ಮನೆಯ ನಕ್ಷೆ, ಶಾಲೆಯ ಗೋಡೆಗೆ ತೂಗುಹಾಕುವುದು ಭೂಪಟ. ಶಾಲೆಗೆ ಹೋಗಿ ನಕಾಶೆ ಕೇಳಿದವರನ್ನು ನಾನಂತೂ ಕಂಡಿಲ್ಲ.

ಗ್ರಾಮ ನಕಾಶೆ ಹುಟ್ಟಿದ್ದು ಕಂದಾಯ ವಸೂಲಿಗೆ. ಹಾಗಾಗಿ ಕಂದಾಯಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ: ಸಾಗುವಳಿ ಭೂಮಿ, ಸಾಗುವಳಿಗೆ ಬಾರದ ಖರಾಬು, ದನ ಮೇಯುವ ಗೋಮಾಳ, ಕೆರೆ, ಎರಡು ತುಂಡುಗೆರೆಯ ಬಂಡಿದಾರಿ, ಒಂದು ತುಂಡುಗೆರೆಯ ಕಾಲುದಾರಿ. ಇಲ್ಲದ್ದು ಏರು ತಗ್ಗು. ನಮ್ಮ ಊರಿನಲ್ಲಿ ಕ್ರಿಕೆಟ್ ಆಡಲು ಒಂದು ಸಪಾಟು ಜಾಗವಿಲ್ಲ, ನಕಾಶೆಯಲ್ಲಿ ನೋಡಿದರೆ ಊರೆಲ್ಲ ಕೇರಂ ಬೋರ್ಡು. ಎತ್ತರಕ್ಕೆ ಯಾರೂ ಕಂದಾಯ ಕಟ್ಟಬೇಕಾಗಿರಲಿಲ್ಲವಲ್ಲ! ಹಾಗೆಂದು ಆ ಕಾಗದವನ್ನು ಹಗುರವಾಗಿ ನೋಡಬೇಡಿ. 'ನಕಾಶೆ ಕಂಡ ದಾರಿ' ಎಂಬ ಮಾತಿಗೆ ಹಳ್ಳಿಯಲ್ಲಿ ಇಂದಿಗೂ ಇರುವ ತೂಕ ಬೇರೆ ಯಾವುದಕ್ಕೂ ಇಲ್ಲ. ಬೆಂಗಳೂರಿಗರಿಗೆ ಈ ತೂಕ ತಿಳಿದದ್ದು ಮಳೆಯಲ್ಲಿ ಮುಳುಗಿದ ಮೇಲೆ. 2016ರಲ್ಲಿ, ಮತ್ತೆ 2022ರಲ್ಲಿ ರಾಜಕಾಲುವೆ ಒತ್ತುವರಿ ತೆರವಿಗೆ ಹೊರಟವರ ಕೈಯಲ್ಲಿ ಇದ್ದದ್ದು ಬಡಾವಣೆಗಳು ಹುಟ್ಟುವ ಮೊದಲಿನ ಗ್ರಾಮ ನಕಾಶೆ. ಸಾಲ ಮಾಡಿ ಮನೆ ಕೊಂಡವರ ಕೈಯಲ್ಲಿ ಇದ್ದದ್ದು ಅನುಮೋದನೆಯಾದ ಬಡಾವಣೆಯ ನಕ್ಷೆ. ಒಂದರಲ್ಲಿ ನೀರಿನ ದಾರಿ ಇತ್ತು, ಇನ್ನೊಂದರಲ್ಲಿ ನಿವೇಶನದ ಸಂಖ್ಯೆ ಇತ್ತು. ನೀರಿಗೆ ಹಳೆಯದರ ನೆನಪೇ ಇತ್ತು.

ಏರು ತಗ್ಗು ಬೇಕೆಂದರೆ ಬೇರೆಯೇ ಹಾಳೆ ಬಿಚ್ಚಬೇಕು. ಇಲ್ಲಿ ನಾನು ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ಏಕೆಂದರೆ ನಕ್ಷೆಗಳಲ್ಲಿ ನನಗೆ ಪ್ರೀತಿ ಇರುವುದು ಇದರ ಮೇಲೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಟೋಪೋಶೀಟು. 1:50,000 ಪ್ರಮಾಣ, ಕಾಗದದ ಎರಡು ಸೆಂಟಿಮೀಟರಿಗೆ ನೆಲದ ಒಂದು ಕಿಲೋಮೀಟರ್. ಒಂದು ಹಾಳೆಗೆ ಹೆಚ್ಚೂಕಡಿಮೆ 27 ಕಿಲೋಮೀಟರ್ ಉದ್ದ ಅಗಲದ ನಾಡು. ಈಗ ಹೊಸ ಸಂಖ್ಯೆಗಳು ಬಂದಿವೆ, ಆದರೆ ಈ ಹಾಳೆಗಳೊಡನೆ ಅಡ್ಡಾಡಿದವರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಯೇ. ಶಿರಸಿ ಪೇಟೆ ಇರುವುದು 48 ಜೆ/14ರಲ್ಲಿ. ನನಗೆ ಅದು ಮನೆಯ ಪಿನ್‌ಕೋಡ್‌ಗಿಂತ ಚೆನ್ನಾಗಿ ನೆನಪಿದೆ.

ಮೊದಲ ಸಲ ಆ ಹಾಳೆ ಕೈಗೆ ಬಂದಾಗ ಊರು ಹುಡುಕಲು ಅರ್ಧ ಗಂಟೆ ಬೇಕಾಯಿತು. ಕಂದುಬಣ್ಣದ ಗೆರೆಗಳು ಹೆಬ್ಬೆರಳ ಗುರುತಿನ ಹಾಗೆ ಸುತ್ತಿಕೊಂಡಿದ್ದವು. ಅವು ಸಮೋನ್ನತಿ ರೇಖೆಗಳು. ಒಂದೇ ಗೆರೆಯ ಮೇಲೆ ಎಷ್ಟು ದೂರ ನಡೆದರೂ ಏರಬೇಕಿಲ್ಲ, ಇಳಿಯಬೇಕಿಲ್ಲ. ಒಂದು ಗೆರೆಯಿಂದ ಮುಂದಿನದಕ್ಕೆ ಹೋದರೆ 20 ಮೀಟರ್ ಏರು ಅಥವಾ ಇಳಿತ. ಗೆರೆಗಳು ಒತ್ತೊತ್ತಾಗಿ ಬಂದಲ್ಲಿ ಕಡಿದಾದ ಧರೆ, ದೂರ ಸರಿದಲ್ಲಿ ಗದ್ದೆಬಯಲು. ಶಾಲೆಗೆ ಹೋಗುವಾಗ ಉಬ್ಬಸ ಬರಿಸುತ್ತಿದ್ದ ಏರು ಐದು ಗೆರೆಗಳ ಒಂದು ಗಂಟಾಗಿ ಅಲ್ಲಿ ಕೂತಿತ್ತು. ಬೆರಳಿಟ್ಟು ಎಣಿಸಿದೆ, ನೂರು ಮೀಟರ್! ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅದಕ್ಕೆ ಕಾಗದ ನೋಡಬೇಕಿತ್ತೇ?" ಎಂದರು.

ನಮ್ಮ ಊರೆಂದರೆ ಆ ಹಾಳೆಯಲ್ಲಿ ಆರೇಳು ಕೆಂಪು ಚೌಕ. ಬೇಸಾಯದ ನೆಲ ಹಳದಿ, ಕಾಡು ಹಸಿರು. ಕೌತುಕದ್ದು ನಮ್ಮ ಹಳ್ಳ. ಆಷಾಢದಲ್ಲಿ ಅಂಗಳದವರೆಗೂ ಬಂದು ಹೆದರಿಸುವ ಹಳ್ಳಕ್ಕೆ ಅಲ್ಲಿ ನೀಲಿ ಬಣ್ಣವೇ ಇಲ್ಲ, ಕಪ್ಪು ಗೆರೆ. ಈ ಹಾಳೆಗಳಲ್ಲಿ ವರ್ಷವಿಡೀ ನೀರಿರುವುದಕ್ಕೆ ನೀಲಿ, ಬೇಸಿಗೆಯಲ್ಲಿ ಒಣಗುವುದಕ್ಕೆ ಕಪ್ಪು. ಮಲೆನಾಡಿನವರಿಗೆ ಇದು ಮೊದಲಿಗೆ ಅವಮಾನದಂತೆ ಕಾಣುತ್ತದೆ. ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ನಕ್ಷೆಯೇ ಸರಿ, ಮರಳು ಮತ್ತು ಕಲ್ಲು.

ಇದೇ ಹಳ್ಳ ಕಳೆದ ವರ್ಷ ಸಂಬಂಧಿಕರ ಮನೆಯ ಮದುವೆಗೆ ಬಂದವರನ್ನು ಪರದಾಡಿಸಿತು. ಫೋನಿನ ನಕ್ಷೆ ತೋರಿಸಿದ ಹತ್ತಿರದ ದಾರಿ ಹಿಡಿದು ಎರಡು ಕಾರು ಹಳ್ಳದ ದಡಕ್ಕೆ ಬಂದು ನಿಂತವು. ಮುಂದಿದ್ದದ್ದು ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸಂಕ. ಫೋನಿಗೆ ದಾರಿ ಎಂದರೆ ದಾರಿ. ಅದರ ಮೇಲೆ ಕಾರು ಹೋಗುತ್ತದೆಯೋ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಮಾತ್ರ ಹೋಗುತ್ತಾಳೆಯೋ ಎಂದು ಅದು ಕೇಳಿಕೊಳ್ಳಲಿಲ್ಲ. ಟೋಪೋಶೀಟಿನಲ್ಲಿ ಅದು ಸ್ಪಷ್ಟವಾಗಿ ಕಾಲುದಾರಿಯ ತುಂಡುಗೆರೆ. ಪಾಪ, ರೇಷ್ಮೆ ಸೀರೆ ಉಟ್ಟು ಹೊರಟವರು ಟೋಪೋಶೀಟು ಹಿಡಿದುಕೊಂಡು ಬರಬೇಕಿತ್ತು ಎಂದು ನಾನೂ ಹೇಳುವುದಿಲ್ಲ.

ಇನ್ನು ಬಣ್ಣ ತುಂಬುವ ನಕ್ಷೆಗಳು. ಟಿವಿಯವರಿಗೆ ಇವಿಲ್ಲದೆ ದಿನ ಬೆಳಗಾಗುವುದಿಲ್ಲ. ಮತ ಎಣಿಕೆಯ ದಿನ ಜಿಲ್ಲೆಗಳಿಗೆ ಪಕ್ಷದ ಬಣ್ಣ ಬಳಿದು "ಕರ್ನಾಟಕವೇ ಈ ಬಣ್ಣವಾಯಿತು" ಎಂದು ಕೂಗುತ್ತಾರೆ. ನಮ್ಮ ಉತ್ತರ ಕನ್ನಡ ಹತ್ತು ಸಾವಿರ ಚದರ ಕಿಲೋಮೀಟರ್‌ಗೂ ಮಿಗಿಲಾದ ಜಿಲ್ಲೆ, ಪರದೆಯ ಮೇಲೆ ಕಣ್ಣಿಗೆ ರಾಚುತ್ತದೆ. 2011ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 14 ಲಕ್ಷ. ಬೆಂಗಳೂರು ನಗರ ಜಿಲ್ಲೆ ಅದರ ಕಾಲುಭಾಗವೂ ಇಲ್ಲ, ಜನ ಸುಮಾರು 96 ಲಕ್ಷ. ವಿಧಾನಸಭೆಯ ಸ್ಥಾನ ಉತ್ತರ ಕನ್ನಡಕ್ಕೆ ಆರು, ಬೆಂಗಳೂರು ನಗರಕ್ಕೆ 28. ಮತ ಹಾಕುವುದು ಜನ, ಬಣ್ಣ ಬೀಳುವುದು ಕಾಡಿಗೆ. ಇಂಥ ಕಡೆ ಒಂದು ಕ್ಷೇತ್ರಕ್ಕೆ ಒಂದೇ ಅಳತೆಯ ಚೌಕ ಇಟ್ಟು ತೋರಿಸುವ ನಕ್ಷೆ ಬೇಕು. ನೋಡಲು ರಾಜ್ಯದ ಆಕಾರ ಕೆಡುತ್ತದೆ, ಲೆಕ್ಕ ಸರಿಯಾಗಿರುತ್ತದೆ.

ಮಳೆಯ ನಕ್ಷೆಯದೂ ಅದೇ ಪಾಡು. ಜಿಲ್ಲೆಗೆ ಒಂದು ಬಣ್ಣ. ಮುಂಡಗೋಡಿಗೆ ಬೀಳುವ ಮಳೆ ಭಟ್ಕಳದ ಮಳೆಯ ಅರ್ಧವೂ ಇಲ್ಲ. ಎರಡೂ ಒಂದೇ ಜಿಲ್ಲೆ, ಹಾಗಾಗಿ ಎರಡೂ ಒಂದೇ ನೀಲಿ. ಮೋಡಕ್ಕೆ ಜಿಲ್ಲಾಧಿಕಾರಿಯ ಸರಹದ್ದು ಗೊತ್ತಿರುತ್ತದೆಯೇ? ಒಂದೇ ಪ್ರಮಾಣದ ಮಳೆ ಬೀಳುವ ಊರುಗಳನ್ನು ಸೇರಿಸಿ ಗೆರೆ ಎಳೆಯುವ ಪದ್ಧತಿ ಭೂಗೋಳದ ಪುಸ್ತಕದಲ್ಲಿ ಹಿಂದಿನಿಂದಲೂ ಇದೆ. ಆ ಗೆರೆಗಳು ಘಟ್ಟದ ನೆತ್ತಿಗುಂಟ ಓಡುತ್ತವೆ, ನೋಡಿದೊಡನೆ ಅರ್ಥವಾಗುತ್ತದೆ. ಟಿವಿಯಲ್ಲಿ ಮಾತ್ರ ನಾನು ಅದನ್ನು ನೋಡಿದ ನೆನಪಿಲ್ಲ.

ಜಗತ್ತಿನ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ದೈತ್ಯನಂತೆ ಕಾಣುವುದನ್ನು ಹಲವರು ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಂಡು "ಬಿಳಿಯರ ಮೋಸ" ಎಂದು ಬರೆಯುತ್ತಾರೆ. ಭಾರತ ಅದರ ಒಂದೂವರೆ ಪಟ್ಟು ದೊಡ್ಡದು ಎಂಬುದು ನಿಜ. ಆದರೆ 1569ರಲ್ಲಿ ಮರ್ಕೇಟರ್ ಆ ನಕ್ಷೆ ಬರೆದದ್ದು ಹಡಗಿನವರಿಗೆ. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಸಾಗುವ ದಾರಿ ಕಾಗದದ ಮೇಲೂ ನೇರ ಗೆರೆಯಾಗಬೇಕು, ಅಷ್ಟೇ ಅವನ ಹಟ. ಅದಕ್ಕಾಗಿ ಧ್ರುವದತ್ತ ಹೋದಂತೆ ನೆಲವನ್ನು ಎಳೆದು ಹಿಗ್ಗಿಸಿದ. ತಪ್ಪು ಅದನ್ನು ತಂದು ತರಗತಿಯ ಗೋಡೆಗೆ ಮೊಳೆ ಹೊಡೆದವರದ್ದು. ನಮ್ಮ ಮೆಟ್ರೋ ನಕ್ಷೆಯೂ ದೂರವನ್ನು ಲೆಕ್ಕಕ್ಕೇ ಇಡುವುದಿಲ್ಲ, ವಕ್ರ ಹಳಿಯನ್ನು ನೆಟ್ಟಗೆ ಮಾಡಿಬಿಡುತ್ತದೆ. ಯಾರೂ ದೂರುವುದಿಲ್ಲ, ಏಕೆಂದರೆ ಎಲ್ಲಿ ಇಳಿದು ಗಾಡಿ ಬದಲಿಸಬೇಕು ಎಂಬುದಷ್ಟೇ ನಮಗೆ ಬೇಕು.

ಗೆರೆಯೇ ಇಲ್ಲದ ನಕ್ಷೆ ಒಂದಿದೆ, ಅದನ್ನು ಮರೆತರೆ ಅನ್ಯಾಯ. ಕ್ರಯಪತ್ರದ ಕೊನೆಯಲ್ಲಿ ಬರೆಯುವ ಚೆಕ್ಕುಬಂದಿ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಸೊಪ್ಪಿನಬೆಟ್ಟ, ದಕ್ಷಿಣಕ್ಕೆ ಕಾಲುದಾರಿ. ಇದು ಇಂದು ನಿನ್ನೆಯದಲ್ಲ. ನಮ್ಮ ದಾನಶಾಸನಗಳಲ್ಲೂ ಭೂಮಿಯ ಎಲ್ಲೆಯನ್ನು ದಿಕ್ಕು ಹಿಡಿದು, ಮರ, ಗುಂಡು, ಕೆರೆಯ ಕೋಡಿ ಎಂದು ಹೇಳುತ್ತ ಒಂದು ಸುತ್ತು ಬರುತ್ತಾರೆ. ಶಿವಾಲಯಕ್ಕೆ ಬಿಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು ನೆಟ್ಟು ಗುರುತು ಮಾಡುತ್ತಿದ್ದರು. ಅಲ್ಲಿ ನೆಲವೇ ಕಾಗದ.

ಹತ್ತನೇ ತರಗತಿಯ ಮಕ್ಕಳಿಗೆ ನಾವು ಭಾರತದ ಹೊರರೇಖೆ ಬರೆಸಿ, ಕಾಂಡ್ಲಾ ಬಂದರಿಗೆ ಚುಕ್ಕೆ ಇಡಿಸಿ ಅಂಕ ಕೊಡುತ್ತೇವೆ. ಇಡಿಸಲಿ, ಬೇಡವೆನ್ನುವುದಿಲ್ಲ. ಅದರ ಜೊತೆ ಆ ಮಗುವಿನ ಊರಿನ ಗ್ರಾಮ ನಕಾಶೆಯನ್ನೂ ಟೋಪೋಶೀಟನ್ನೂ ಅಕ್ಕಪಕ್ಕ ಇಟ್ಟು "ನಿನ್ನ ಮನೆ ಹುಡುಕು" ಎಂದು ಒಂದು ಮಧ್ಯಾಹ್ನ ಬಿಡಬಾರದೇ? ಎರಡೂ ಈಗ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಕಂದಾಯ ನಕ್ಷೆಗಳು ರಾಜ್ಯದ ಭೂದಾಖಲೆಗಳ ಜಾಲತಾಣದಲ್ಲಿವೆ. ಸರ್ವೇಕ್ಷಣ ಇಲಾಖೆ ತನ್ನ ಹಾಳೆಗಳನ್ನು 2017ರಿಂದ ಭಾರತೀಯರಿಗೆ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ಆ ತಾಣಕ್ಕೆ ಅವರು ಆಗ ಇಟ್ಟ ಹೆಸರೂ 'ನಕ್ಷೆ'.

ತೋಟದ ವಿಷಯ ಏನಾಯಿತು ಎಂದು ಕೇಳುತ್ತೀರಿ. ಭೂಮಾಪಕರ ಮಾತು ಕೇಳಿ ಇಬ್ಬರೂ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸಲು, ಅರ್ಜಿ ಹಾಕಿದ್ದಾರೆ, ಅಳತೆಗೆ ಇನ್ನೂ ದಿನ ಬಂದಿಲ್ಲ. ಈ ನಡುವೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ, ಬಂತು. ಬಲಿತ ಅಡಿಕೆ ಗಡಿ ತೀರ್ಮಾನವಾಗುವವರೆಗೆ ಕಾಯುವುದಿಲ್ಲ. ಆ ಎರಡು ಸಾಲಿನ ಕೊನೆಗಳನ್ನು ಇಳಿಸಿ, ಸುಲಿದು ಒಣಗಿಸಿ, ಬೇರೆಯೇ ಚೀಲಕ್ಕೆ ತುಂಬಿ ನಮ್ಮ ಅಮ್ಮನ ಅಟ್ಟದ ಮೇಲೆ ಇಟ್ಟಿದ್ದಾರೆ. ಚೀಲದ ಬಾಯಿಗೆ ಎರಡು ಗಂಟು. ಒಂದು ಅಣ್ಣ ಹಾಕಿದ್ದು, ಇನ್ನೊಂದು ಭಾವ ಹಾಕಿದ್ದು.