ಬ್ರ್ಯಾಂಡ್ ಆಮೇಲೆ, ಸ್ಪೇರ್ ಯಾರು ತರ್ತಾರೆ ಅಂತ ಮೊದಲು ಕೇಳಿ

ಹೊಸದಾಗಿ ಜಿಮ್ ಹಾಕುವವರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಅಣ್ಣಾ, ಯಾವ ಬ್ರ್ಯಾಂಡ್ ತಗೊಳ್ಳೋದು?" ಜಿಮ್ ಮಷಿನ್ ರಿಪೇರಿಯೇ ನನ್ನ ಹೊಟ್ಟೆಪಾಡು. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಘಟ್ಟ ಇಳಿದು ಉಡುಪಿ ತನಕ ಓಡಾಡುತ್ತೇನೆ. ಹೊಸ ಮಷಿನ್‌ಗಿಂತ ಕೆಟ್ಟು ನಿಂತ ಮಷಿನ್ ನೋಡಿದ್ದೇ ಜಾಸ್ತಿ. ಹಾಗಾಗಿ ನನ್ನ ಉತ್ತರ ಅವರಿಗೆ ಅಷ್ಟು ಹಿಡಿಸುವುದಿಲ್ಲ. ಕೆಟ್ಟಾಗ ಸ್ಪೇರ್ ಯಾರು ತರುತ್ತಾರೆ, ಎಷ್ಟು ದಿನಕ್ಕೆ ತರುತ್ತಾರೆ, ಅದನ್ನು ಮೊದಲು ಕೇಳಿ ಅನ್ನುತ್ತೇನೆ. ಕೆಡುತ್ತದೋ ಇಲ್ಲವೋ ಅನ್ನೋ ಮಾತೇ ಇಲ್ಲ. ಕೆಟ್ಟೇ ಕೆಡುತ್ತದೆ.

ಟ್ರೆಡ್‌ಮಿಲ್ಲನ್ನೇ ನೋಡಿ. ಸಾಧಾರಣ ಊರಿನ ಜಿಮ್‌ನಲ್ಲೂ ಬೆಳಗ್ಗೆ ಮೂರು ಗಂಟೆ, ಸಂಜೆ ನಾಲ್ಕು ಗಂಟೆ ಅದು ಬಿಡುವಿಲ್ಲದೆ ಓಡುತ್ತದೆ. ವರ್ಷಕ್ಕೆ 300 ದಿನ ಹಿಡಿದರೆ 2100 ಗಂಟೆ. ಮನೆಯಲ್ಲಿ ಒಬ್ಬರು ದಿನಕ್ಕೆ ಅರ್ಧ ಗಂಟೆ ಓಡಿದರೆ ವರ್ಷಕ್ಕೆ 150 ಗಂಟೆ. ಅಂದರೆ ಮನೆಯ ಮಷಿನ್ 14 ವರ್ಷ ಪಡುವ ಪಾಡನ್ನು ಜಿಮ್‌ನ ಮಷಿನ್ ಒಂದೇ ವರ್ಷದಲ್ಲಿ ಪಡುತ್ತದೆ. ಮನೆ ಮಷಿನ್ ತಂದು ಜಿಮ್‌ನಲ್ಲಿ ಹಾಕುವುದು ಬಸ್ಸಿಗೆ ಸ್ಕೂಟರ್ ಟೈರ್ ಹಾಕಿದ ಹಾಗೆ. ವಾರಂಟಿ ಕಾರ್ಡ್ ಪೂರ್ತಿ ಓದಿದರೆ ಅಲ್ಲೇ ಇರುತ್ತದೆ, ಜಿಮ್‌ನಲ್ಲಿ ಬಳಸಿದರೆ ವಾರಂಟಿ ಇಲ್ಲ ಅಂತ. ಐಎಸ್‌ಒ 20957 ಅನ್ನೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ನಲ್ಲೂ ಇದಕ್ಕೆ ಬೇರೆ ಬೇರೆ ಕ್ಲಾಸ್ ಇದೆ. ಮನೆ ಬಳಕೆಗೆ 'ಎಚ್', ಜಿಮ್‌ಗೆ 'ಎಸ್'. ಮಷಿನ್ ಮೇಲಿನ ಸ್ಟಿಕ್ಕರ್‌ನಲ್ಲಿ ಆ ಒಂದಕ್ಷರ ಹುಡುಕಿ ನೋಡಿ.

ಈಗ ದುಡ್ಡಿನ ಲೆಕ್ಕ. ಸುಮ್ನೆ ಲೆಕ್ಕಕ್ಕೆ ಹೇಳ್ತಿದ್ದೇನೆ, ಯಾವ ಕಂಪನಿಯ ರೇಟೂ ಅಲ್ಲ. ಎರಡು ಲಕ್ಷದ ಒಂದು ಟ್ರೆಡ್‌ಮಿಲ್ ಮೂರು ವರ್ಷ ಬಂತು, ಆ ಮೂರು ವರ್ಷದಲ್ಲಿ ಬೆಲ್ಟು, ಮೋಟಾರ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ಅಂತ ಒಂದು ಲಕ್ಷ ತಿಂತು ಅಂದುಕೊಳ್ಳಿ. ಮೂರು ಲಕ್ಷಕ್ಕೆ 6300 ಗಂಟೆ. ಗಂಟೆಗೆ ಹತ್ತಿರ ಹತ್ತಿರ 48 ರೂಪಾಯಿ. ಇನ್ನೊಂದು ಐದು ಲಕ್ಷದ್ದು. ಎಂಟು ವರ್ಷ ಬಂತು, ರಿಪೇರಿಗೆ ಎರಡು ಲಕ್ಷ ಹೋಯಿತು, ಕೊನೆಗೆ 60 ಸಾವಿರಕ್ಕೆ ಮಾರಿದಿರಿ. 6 ಲಕ್ಷ 40 ಸಾವಿರಕ್ಕೆ 16,800 ಗಂಟೆ. ಗಂಟೆಗೆ 38 ರೂಪಾಯಿ.

"ನೋಡಿ, ದುಬಾರಿಯದ್ದೇ ಅಗ್ಗ" ಅಂತ ಡೀಲರ್ ಇಲ್ಲಿಗೇ ಮಾತು ನಿಲ್ಲಿಸುತ್ತಾನೆ. ನಾನು ನಿಲ್ಲಿಸುವುದಿಲ್ಲ. ವ್ಯತ್ಯಾಸ ಬರೀ ಹತ್ತು ರೂಪಾಯಿ. ಆ ಐದು ಲಕ್ಷದ ಮಷಿನ್‌ನ ಬೋರ್ಡ್ ಹೊರದೇಶದಿಂದ ಬರಬೇಕು, ಎರಡು ತಿಂಗಳು ಆಗುತ್ತದೆ ಅಂದರೆ ಆ ಹತ್ತು ರೂಪಾಯಿ ಎಲ್ಲಿ ಹೋಯಿತೋ ಗೊತ್ತಾಗಲ್ಲ. ಎರಡು ತಿಂಗಳು "ಕೆಟ್ಟಿದೆ" ಅಂತ ಚೀಟಿ ತೂಗುಹಾಕಿದ ಟ್ರೆಡ್‌ಮಿಲ್ ನೋಡಿ ಎಷ್ಟು ಮೆಂಬರ್‌ಗಳು ರಿನ್ಯೂ ಮಾಡಿಸದೆ ಹೋಗುತ್ತಾರೆ? ಅದು ಯಾವ ಕೊಟೇಶನ್‌ನಲ್ಲೂ ಬರುವುದಿಲ್ಲ.

ಜಿಎಸ್‌ಟಿ ವಿಷಯ ಬೇರೆ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಫೀಸಿನ ಮೇಲಿನ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಮೆಂಬರ್‌ಗಳಿಗೆ ಖುಷಿ. ಆದರೆ ಅದರ ಜೊತೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತೆಗೆದುಬಿಟ್ಟರು. ಮಷಿನ್ ಮೇಲೆ ಶೇ. 18 ಹಾಗೇ ಇದೆ. ಐದು ಲಕ್ಷದ ಮಷಿನ್‌ಗೆ 90 ಸಾವಿರ ತೆರಿಗೆ. ಮೊದಲು ಅದನ್ನು ಮೆಂಬರ್ ಫೀಸಿನ ತೆರಿಗೆಯಲ್ಲಿ ಕಳೆಯಬಹುದಿತ್ತು, ಈಗ ಪೂರ್ತಿ ನಿಮ್ಮ ಜೇಬಿನಿಂದ. ಹಳೇ ಪ್ರಾಜೆಕ್ಟ್ ರಿಪೋರ್ಟ್ ಇಟ್ಟುಕೊಂಡು ಬ್ಯಾಂಕಿಗೆ ಹೋಗುವವರು ಇದನ್ನು ಒಮ್ಮೆ ಆಡಿಟರ್ ಹತ್ತಿರ ಕೂತು ತಿದ್ದಿಸಿಕೊಳ್ಳಿ.

ಟ್ರೆಡ್‌ಮಿಲ್ ಯಾಕೆ ಸಾಯುತ್ತದೆ ಅಂತ ಸ್ವಲ್ಪ ಹೇಳಲೇಬೇಕು. "ಬೋರ್ಡ್ ಹೋಯ್ತು, ಕಂಪನಿ ಸರಿ ಇಲ್ಲ" ಅಂತ ಬೈಯುವವರಲ್ಲಿ ಬಹಳ ಜನರ ಮಷಿನ್‌ನಲ್ಲಿ ತಪ್ಪು ಬೋರ್ಡಿನದ್ದಲ್ಲ. ಬೆಲ್ಟಿನ ಕೆಳಗೆ ಒಂದು ಹಲಗೆ ಇರುತ್ತದೆ, ಡೆಕ್ ಅಂತೀವಿ. ಬೆಲ್ಟು ಅದರ ಮೇಲೆ ಜಾರಬೇಕು. ಅದಕ್ಕೆ ವ್ಯಾಕ್ಸೋ ಸಿಲಿಕಾನೋ ಇರುತ್ತದೆ. ಅದು ಒಣಗಿದರೆ ಉಜ್ಜುವಿಕೆ ಜಾಸ್ತಿಯಾಗುತ್ತದೆ. ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಡ್ರೈವ್, ಅಂದರೆ ಮೋಟಾರ್ ನಡೆಸುವ ಅದೇ ಬೋರ್ಡ್, ಬಿಸಿಯಾಗುತ್ತದೆ, ಒಂದು ದಿನ ಸುಟ್ಟು ಹೋಗುತ್ತದೆ. ಬೆಲ್ಟು ಮುಟ್ಟದೆ ಹೊಸ ಬೋರ್ಡ್ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಆಮೇಲೆ ಬೆಲ್ಟಿನ ಅಂಚು ಎತ್ತಿ ಮಧ್ಯದ ತನಕ ಕೈ ಹಾಕಿ ಸವರಿ. ಬೆರಳಿಗೆ ಜಿಡ್ಡು ಹತ್ತಬೇಕು. ಕಪ್ಪು ಪುಡಿ ಹತ್ತಿದರೆ ಬೆಲ್ಟು ತನ್ನನ್ನೇ ತಿನ್ನುತ್ತಿದೆ ಅಂತ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದ ಎಲೆಕ್ಟ್ರಿಷಿಯನ್ ಸಿಕ್ಕರೆ ಇನ್ನೂ ಒಳ್ಳೇದು. ಅದೇ ವೇಗದಲ್ಲಿ ಅದೇ ಮನುಷ್ಯನನ್ನು ನಡೆಸಿ ತಿಂಗಳಿಗೊಮ್ಮೆ ಆಂಪಿಯರ್ ಬರೆದಿಡಿ. ಏರುತ್ತಾ ಹೋದರೆ ಬೆಲ್ಟು ನೋಡಿ. ಒಳ್ಳೆ ಕಮರ್ಷಿಯಲ್ ಮಷಿನ್‌ಗಳಲ್ಲಿ ಎಷ್ಟೋ ಕಡೆ ಡೆಕ್ಕನ್ನು ತಿರುವಿ ಹಾಕಬಹುದು, ಒಂದು ಮಗ್ಗುಲು ಸವೆದರೆ ಇನ್ನೊಂದು. ಕೊಳ್ಳುವಾಗ ಇದನ್ನು ಕೇಳುವವರನ್ನು ನಾನು ಕಂಡೇ ಇಲ್ಲ ಅನ್ನಬಹುದು. ಎಲ್ಲರೂ ಕೇಳುವುದು ಮೋಟಾರ್‌ನ ಎಚ್‌ಪಿ, ಅಂದರೆ ಹಾರ್ಸ್‌ಪವರ್. ಅದರಲ್ಲೂ ಸ್ಟಿಕ್ಕರ್‌ನಲ್ಲಿರುವುದು ಎಷ್ಟೋ ಸಲ ಪೀಕ್ ಎಚ್‌ಪಿ. ಅದು ಕ್ಷಣಕಾಲದ ಶಕ್ತಿ. ಏಳು ಗಂಟೆ ಓಡುವ ಮಷಿನ್‌ಗೆ ಬೇಕಾದದ್ದು ಕಂಟಿನ್ಯುಯಸ್ ಎಚ್‌ಪಿ. ಅದನ್ನು ಬರೆದುಕೊಡಿ ಅನ್ನಿ. ನಮ್ಮ ಊರುಗಳ ಸಂಜೆ ಹೊತ್ತಿನ ವೋಲ್ಟೇಜ್ ಬೇರೆ ಗೊತ್ತಲ್ಲ. ಸರಿಯಾದ ಅರ್ಥಿಂಗ್, ಒಂದೊಂದು ಟ್ರೆಡ್‌ಮಿಲ್‌ಗೂ ಬೇರೆ ಲೈನು, ಸ್ಟೆಬಿಲೈಜರ್ ಇಲ್ಲದಿದ್ದರೆ ಇಟಲಿಯದ್ದು ತಂದರೂ ಅಷ್ಟೇ, ಚೀನಾದ್ದು ತಂದರೂ ಅಷ್ಟೇ.

ದೊಡ್ಡ ಹೆಸರುಗಳ ಬಗ್ಗೆ ನನಗೆ ಅಸೂಯೆ ಇಲ್ಲ. ಲೈಫ್ ಫಿಟ್‌ನೆಸ್, ಪ್ರಿಕೋರ್, ಟೆಕ್ನೋಜಿಮ್, ಮ್ಯಾಟ್ರಿಕ್ಸ್, ಎಲ್ಲವೂ ಗಟ್ಟಿ ಮಷಿನ್‌ಗಳೇ. ಆದರೆ ಹೆಸರಿನ ಹಿಂದಿನ ಮಾಲೀಕರು ಬದಲಾಗುತ್ತಿರುತ್ತಾರೆ. ಸೈಬೆಕ್ಸ್ ಅನ್ನೋ ಇನ್ನೊಂದು ಮಷಿನ್ ಕಂಪನಿಯನ್ನು 2016ರಲ್ಲಿ ಲೈಫ್ ಫಿಟ್‌ನೆಸ್‌ನ ಆಗಿನ ಮಾಲೀಕ ಕಂಪನಿ ಬ್ರನ್ಸ್‌ವಿಕ್ ಕೊಂಡು ಲೈಫ್ ಫಿಟ್‌ನೆಸ್ ಜೊತೆ ಸೇರಿಸಿತು. 2019ರಲ್ಲಿ ಲೈಫ್ ಫಿಟ್‌ನೆಸ್ಸನ್ನೇ ಮಾರಿತು. ಪ್ರಿಕೋರ್ 2021ರಲ್ಲಿ ಪೆಲೋಟನ್ ಅನ್ನೋ ಕಂಪನಿಯ ಕೈಗೆ ಹೋಯಿತು. ಅಲ್ಲಿ ಮಾಲೀಕರು ಬದಲಾದರೆ ಇಲ್ಲಿ ಡೀಲರೂ ಬದಲಾಗಬಹುದು, ಹಳೇ ಮಾಡೆಲ್‌ನ ಸ್ಪೇರ್ ಕಷ್ಟವಾಗಬಹುದು. ಸ್ಪೇರ್ ವಿಷಯದಲ್ಲಿ ನಾನು ತಲೆಬಾಗುವ ಕಂಪನಿ ಒಂದಿದೆ, ಅಮೆರಿಕದ ವರ್ಮಾಂಟ್‌ನ ಕಾನ್ಸೆಪ್ಟ್2. ರೋಯಿಂಗ್ ಮಷಿನ್ ಮಾಡುವವರು. ದಶಕಗಳ ಹಿಂದಿನ ಮಾಡೆಲ್‌ಗೂ ಬಿಡಿಭಾಗ ಮಾರುತ್ತಾರೆ, ಹಾಕಿಕೊಳ್ಳುವುದು ಹೇಗೆ ಅಂತಲೂ ತೋರಿಸುತ್ತಾರೆ. 50 ಗಂಟೆ ಬಳಸಿದ ಮೇಲೆ ಚೈನಿಗೆ ಎಣ್ಣೆ ಹಚ್ಚಿ ಅನ್ನುತ್ತಾರೆ. ಬಟ್ಟೆಗೆ ಎಣ್ಣೆ ಹಾಕಿ ಒರೆಸಿದರೆ ಆಯ್ತು. ಅದರ ಸೆಕೆಂಡ್ ಹ್ಯಾಂಡ್ ರೇಟು ಇಳಿಯದೇ ಇರುವುದಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ.

ಟಚ್ ಸ್ಕ್ರೀನ್‌ಗೆ ಮಾತ್ರ ದಯವಿಟ್ಟು ದುಡ್ಡು ಸುರಿಯಬೇಡಿ. ಓಡುವ ಹುಡುಗ ಅದರ ಮೇಲೆ ತನ್ನ ಮೊಬೈಲ್ ಆನಿಸಿಟ್ಟು ರೀಲ್ಸ್ ನೋಡುತ್ತಾನೆ.

ಇನ್ನು ಕಬ್ಬಿಣದ ಸಾಮಾನು. ಇಲ್ಲಿ ನನ್ನ ಮಾತು ಉಲ್ಟಾ. ರ‍್ಯಾಕ್, ಬೆಂಚ್, ಲೆಗ್ ಪ್ರೆಸ್, ಪ್ಲೇಟುಗಳಿಗೆ ವಿದೇಶಿ ಹೆಸರು ಬೇಡ. ಜಲಂಧರ್, ಮೀರತ್, ಮುಂಬೈ ಕಡೆಯ ನಮ್ಮ ತಯಾರಕರಲ್ಲೇ ಒಳ್ಳೆಯದು ಸಿಗುತ್ತದೆ. ಕೆಟ್ಟರೆ ನಿಮ್ಮೂರ ಲೇತ್ ಅಂಗಡಿಯವನು ಬುಶ್ ಮಾಡಿಕೊಡುತ್ತಾನೆ, ಹೊರಗಡೆ ವೆಲ್ಡಿಂಗ್ ಆಗುತ್ತದೆ. ಆದರೆ ಕಣ್ಣಿಟ್ಟು ಕೊಳ್ಳಬೇಕು. ಕೊಟೇಶನ್‌ನಲ್ಲಿ "11 ಗೇಜ್" ಅಂತ ಬರೆದಿರುತ್ತಾರೆ. ಅಂದರೆ ಪೈಪಿನ ದಪ್ಪ ಸುಮಾರು 3 ಮಿಲಿಮೀಟರ್. ಬರುವುದು ಕೆಲವೊಮ್ಮೆ 14 ಗೇಜ್, ಸುಮಾರು 2 ಮಿಲಿಮೀಟರ್. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. ಪೈಪಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ಕಿತ್ತು ವರ್ನಿಯರ್ ಹಿಡಿದು ನೋಡಿ. ಹಾಗೆ ಮಾಡಿದಾಗ ಡೀಲರ್ ಮುಖ ನೋಡುವುದೂ ಒಂದು ಪರೀಕ್ಷೆ. ಪ್ಲೇಟುಗಳನ್ನು ತಕ್ಕಡಿಗೆ ಹಾಕಿ. 20 ಕೆ.ಜಿ. ಅಂತ ಅಚ್ಚು ಒತ್ತಿದ್ದೆಲ್ಲ 20 ಇರುವುದಿಲ್ಲ.

ಕಬ್ಬಿಣದಲ್ಲಿ ಎರಡು ಕಡೆ ಮಾತ್ರ ಜಿಪುಣತನ ಬೇಡ, ಪ್ಲೇಟ್ ಹಾಕಿ ಎತ್ತುವ ಬಾರ್ ಮತ್ತು ಮಷಿನ್‌ನಲ್ಲಿ ಭಾರ ಎಳೆಯುವ ಕೇಬಲ್. ಬಾರ್ ಒಮ್ಮೆ ಬಗ್ಗಿದರೆ ಗುಜರಿಗೇ. ಕೇಬಲ್ ಮಧ್ಯದಲ್ಲಿ ತುಂಡಾಗುವುದು ಕಡಿಮೆ. ತುದಿಯಲ್ಲಿ, ಕೊಂಡಿ ಸೇರುವ ಜಾಗದಲ್ಲಿ, ನೈಲಾನ್ ಹೊದಿಕೆಯ ಒಳಗೇ ಎಳೆಗಳು ಒಂದೊಂದಾಗಿ ಕಡಿಯುತ್ತಾ ಬರುತ್ತವೆ. ಲ್ಯಾಟ್ ಪುಲ್‌ಡೌನ್‌ನಲ್ಲಿ, ಅಂದರೆ ಬಾರನ್ನು ಮೇಲಿಂದ ಕೆಳಕ್ಕೆ ಎಳೆಯುವ ಮಷಿನ್‌ನಲ್ಲಿ, ಕೂತವರ ತಲೆ ಮೇಲೇ ಬಾರ್ ಇರುತ್ತದೆ ಅನ್ನೋದು ನೆನಪಿರಲಿ. ಪುಲ್ಲಿ ಸಣ್ಣದಾದಷ್ಟೂ ಕೇಬಲ್ ಜಾಸ್ತಿ ಬಾಗಿ ಬೇಗ ಸಾಯುತ್ತದೆ. ದೊಡ್ಡ ಪುಲ್ಲಿ, ಸೀಲ್ಡ್ ಬೇರಿಂಗ್ ಇರುವ ಮಷಿನ್‌ಗೆ ಹತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಕರಾವಳಿಯವರಿಗೆ ಬೇರೆಯದೇ ಗೋಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಷಿನ್‌ನ ತೂಕದ ಬಿಲ್ಲೆಗಳು ಜಾರುವ ಗೈಡ್ ರಾಡ್ ಮೇಲೆ ತುಕ್ಕಿನ ಚುಕ್ಕೆ ಬರುತ್ತದೆ, ಆ ಬಿಲ್ಲೆಗಳ ಸಾಲು, ಅಂದರೆ ವೆಯ್ಟ್ ಸ್ಟ್ಯಾಕ್, ಕಿರ್ ಅನ್ನುತ್ತದೆ. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದ ಪುಣ್ಯಾತ್ಮರನ್ನೂ ನೋಡಿದ್ದೇನೆ. ಧೂಳು ಕೂತು ಅಂಟಾಗಿ ಇನ್ನೂ ಕಷ್ಟ. ಒಣ ಬಟ್ಟೆಯಲ್ಲಿ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆಯಿರಿ, ಸಾಕು.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ ಅಂತ ಕೇಳ್ತೀರಿ. ಕಬ್ಬಿಣ ಆದರೆ ಧಾರಾಳವಾಗಿ. ಹೊರದೇಶದಿಂದ ಬಂದ ಹಳೇ ಟ್ರೆಡ್‌ಮಿಲ್ ಆದರೆ ಕೆಳಗಿನ ನೇಮ್ ಪ್ಲೇಟ್ ಓದಿ. ಅಮೆರಿಕದ ಮಷಿನ್‌ಗಳಲ್ಲಿ ಎಷ್ಟೋ 120 ವೋಲ್ಟ್, 60 ಹರ್ಟ್ಜ್‌ಗೆ ಮಾಡಿದ್ದು. ನಮ್ಮದು 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. "ಟ್ರಾನ್ಸ್‌ಫಾರ್ಮರ್ ಹಾಕಿಕೊಡ್ತೀನಿ ಸರ್" ಅಂದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.

ಕೊಟೇಶನ್ ಕೈಯಲ್ಲಿರುವವರು ಇನ್‌ಬಾಕ್ಸ್‌ಗೆ ಫೋಟೋ ಹಾಕಿ. ಬೆಲೆ ಮುಚ್ಚಿ ಕಳಿಸಿದರೂ ಪರವಾಗಿಲ್ಲ. ಬೆಲ್ಟು, ಡೆಕ್ಕು, ಡ್ರೈವ್ ಬೋರ್ಡ್, ಕೇಬಲ್ ಸೆಟ್, ಈ ನಾಲ್ಕರ ರೇಟೂ ತರಿಸಿಕೊಡುವ ದಿನವೂ ಡೀಲರ್ ಸಹಿ ಹಾಕಿದ ಹಾಳೆಯಲ್ಲಿ ಇರಬೇಕು. ಅದಿಲ್ಲದಿದ್ದರೆ ಮೊದಲು ಅದನ್ನು ಬರೆಸಿಕೊಂಡು ಬನ್ನಿ, ಆಮೇಲೆ ಬ್ರ್ಯಾಂಡ್ ಮಾತಾಡೋಣ.