ಆ ಅರ್ಜಿಗೆ ನನ್ನ ಸಹಿ ಇಲ್ಲ

ನಿನ್ನೆ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಒಂದು ಅರ್ಜಿ ಬಂತು. ಯಲಹಂಕ ವಾಯುನೆಲೆಯ ವಿಮಾನಗಳ ಶಬ್ದ ಜಾಸ್ತಿಯಾಗಿದೆ, ನೆಲೆಯನ್ನು ಊರಾಚೆ ಸಾಗಿಸಬೇಕು ಅಂತ. ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಅದು ಇದ್ದದ್ದೇ ಊರಾಚೆ ಅಲ್ವಾ? ಅದರ ಕಾಂಪೌಂಡ್‌ ತನಕ ಮನೆ ಕಟ್ಟಿಕೊಂಡು ಹೋದವರು ನಾವು. ಎರಡನೇ ಮಹಾಯುದ್ಧದ ಹೊತ್ತಿಗೆ, 1944ರಲ್ಲಿ, ಬರ್ಮಾದಲ್ಲಿ ಕಾದಾಡಬೇಕಿದ್ದ ಬ್ರಿಟಿಷ್ ಪೈಲಟ್‌ಗಳು ಥಂಡರ್‌ಬೋಲ್ಟ್ ಯುದ್ಧವಿಮಾನ ಹಾರಿಸುವುದನ್ನು ಕಲಿತದ್ದು ಯಲಹಂಕದಲ್ಲಿ. ನಮ್ಮ ವಾಯುಪಡೆಯ ನೆಲೆ ಶುರುವಾದದ್ದು 1963ರಲ್ಲಿ. ಅಪ್ಪ ಅಲ್ಲಿ ಸಿವಿಲಿಯನ್ ನೌಕರರಾಗಿದ್ದದ್ದು ನಿಮಗೆಲ್ಲ ಗೊತ್ತು. ಅವರು ಸೈಕಲ್ಲಿನಲ್ಲಿ ಡ್ಯೂಟಿಗೆ ಹೋಗುತ್ತಿದ್ದ ದಾರಿಯುದ್ದಕ್ಕೂ ದ್ರಾಕ್ಷಿ ತೋಟ, ರಾಗಿ ಹೊಲ.

ಈಗ ಯಾರನ್ನು ಕೇಳಿದರೂ ಯಲಹಂಕ ಅಂದರೆ ಏರ್ ಶೋ. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಆ ಐದು ದಿನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತೇವೆ. ಉಳಿದ ದಿನಗಳಲ್ಲಿ ಅದು ಪಾಠಶಾಲೆ. ಸಾಗಣೆ ವಿಮಾನಗಳ ಪೈಲಟ್‌ಗಳು ತಯಾರಾಗುವುದು ಅಲ್ಲಿ. ಇಳಿದು, ಮತ್ತೆ ಏರಿ, ಅದೇ ಸುತ್ತು ಹೊಡೆಯುವ ಆ ಎಎನ್-32 ಸಾಗಣೆ ವಿಮಾನ ಸುಮ್ನೆ ತಿರುಗುತ್ತಿಲ್ಲ. ನಾಳೆ ಲಡಾಖಿಗೋ ಅರುಣಾಚಲದ ಗುಡ್ಡದ ನಡುವಿನ ಚಿಕ್ಕ ರನ್‌ವೇಗೋ ಅಕ್ಕಿ, ಔಷಧ, ಸೈನಿಕರನ್ನು ಇಳಿಸಬೇಕಾದ ಕೈ ಇಲ್ಲಿ ಪಳಗುತ್ತಿದೆ. 2019ರ ಜೂನ್ 3ರಂದು ಅಸ್ಸಾಮಿನ ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಕ್ಕೆ ಹೊರಟ ಎಎನ್-32 ತಲುಪಲೇ ಇಲ್ಲ. 13 ಜನ ತೀರಿಹೋದರು. ಎಷ್ಟು ಕಷ್ಟದ ಕೆಲಸ ಅದು!

ಎಳೆ ಕೂಸಿರುವ ಮನೆಗೆ, ಕಾಯಿಲೆಯಲ್ಲಿ ಮಲಗಿರುವ ಹಿರಿಯರಿಗೆ ಶಬ್ದ ಹಿಂಸೆ ಅನ್ನುತ್ತಾರೆ. ಒಪ್ಪುತ್ತೇನೆ. ಅಮ್ಮ ಹಾಸಿಗೆ ಹಿಡಿದಿದ್ದಾಗ ನಾನೂ ಕಿಟಕಿ ಮುಚ್ಚಿದ್ದೇನೆ. ಆದರೆ ದೇವನಹಳ್ಳಿಗೆ ಹೋಗಿಬರುವ ವಿಮಾನಗಳೂ ಇದೇ ಆಕಾಶದಲ್ಲಿ ಸದ್ದು ಮಾಡುತ್ತವೆ. ಅವುಗಳ ಮೇಲೆ ಯಾರೂ ಅರ್ಜಿ ಬರೆದಿಲ್ಲ, ಯಾಕೆಂದರೆ ಅವುಗಳಲ್ಲಿ ನಾವೇ ಕೂತಿರುತ್ತೇವೆ. ಇದು ನನಗೆ ತುಂಬಾ ನೋವು ಕೊಡುತ್ತದೆ.

ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. 2019ರ ಫೆಬ್ರುವರಿ 19, ಶೋ ಶುರುವಾಗುವ ಹಿಂದಿನ ದಿನ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ ತಾಲೀಮು ನಡೆಸುತ್ತಿತ್ತು. ನಾನು ಟೆರೇಸಿನಲ್ಲಿದ್ದೆ. ಅವರ ಎರಡು ಹಾಕ್ ವಿಮಾನಗಳು ಒಂದಕ್ಕೊಂದು ತಾಗಿದವು. ಹೊಗೆ ಎದ್ದಾಗ, ಅದೂ ಪ್ರದರ್ಶನದ್ದೇ ಅಂದುಕೊಂಡು ಚಪ್ಪಾಳೆ ತಟ್ಟಿದೆ. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡಿದ್ದರು. ಟೀವಿಯಲ್ಲಿ ಸುದ್ದಿ ನೋಡಿ ಎಷ್ಟೋ ಹೊತ್ತು ನನ್ನ ಕೈಯನ್ನೇ ನೋಡುತ್ತಾ ಕೂತಿದ್ದೆ.

ಅದೇ ತಿಂಗಳ 23ರಂದು ಶೋನ ಪಾರ್ಕಿಂಗ್‌ನಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದವು. ನಿನ್ನೆ ಗುಂಪಿನಲ್ಲಿ ಆ ಕಾರುಗಳನ್ನು ಆರೇಳು ಜನ ನೆನಪಿಸಿಕೊಂಡರು. ಸಾಹಿಲ್ ಅವರ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ಭಾನುವಾರ ಮೀಟಿಂಗ್ ಇದೆ. ಬರುತ್ತೇನೆ. ನೀವೆಲ್ಲ ಸಹಿ ಹಾಕುವ ಮೊದಲು ಆ ಹೆಸರನ್ನು ಒಂದು ಸಲ ಜೋರಾಗಿ ಹೇಳಲು ಬಿಡಿ, ಅಷ್ಟೇ ಕೇಳುತ್ತೇನೆ.