ನಿಂತಲ್ಲೇ ಕುಣಿಯುವ ಲಾರಿ

ಓಡುವ ಲಾರಿಯ ಕಾಯಿಲೆ ಸುಲಭಕ್ಕೆ ಗೊತ್ತಾಗುವುದಿಲ್ಲ. ಲೋಡು ಹೊತ್ತು ಟಾಪ್ ಗೇರಿನಲ್ಲಿ ಸಾಗುವಾಗಿನ ಗದ್ದಲದಲ್ಲಿ ಸಣ್ಣಪುಟ್ಟ ದೋಷಗಳೆಲ್ಲ ಮುಚ್ಚಿಹೋಗುತ್ತವೆ. ರೈಲ್ವೆ ಗೇಟಿನ ಮುಂದೆ ನ್ಯೂಟ್ರಲ್ ಮಾಡಿ ನಿಲ್ಲಿಸಿದಾಗ ಒಳಗಿನದು ಹೊರಬೀಳುತ್ತದೆ. ಒಂದೇ ಸಮ ಗುಡುಗುಡು ಎನ್ನಬೇಕಾದ ಎಂಜಿನ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಇನ್ನೇನು ಆರಿತು ಎನ್ನುವಷ್ಟರಲ್ಲಿ ಮತ್ತೆ ಎದ್ದು ಅಬ್ಬರಿಸುತ್ತದೆ. ಕನ್ನಡಿ, ಸ್ಟೀರಿಂಗ್, ದೇವರ ಫೋಟೊ, ಅದಕ್ಕೆ ಹಾಕಿದ ಪ್ಲಾಸ್ಟಿಕ್ ಹಾರ ಎಲ್ಲವೂ ಅದರೊಂದಿಗೆ ಕುಣಿಯುತ್ತವೆ.

ಬಳ್ಳಾರಿಯಲ್ಲಿರುವ ನನ್ನ ಸೋದರಮಾವನದು ಆರು ಸಿಲಿಂಡರಿನ ಹಳೆಯ ಲಾರಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. 2020ರ ಏಪ್ರಿಲ್‌ನಿಂದ ಬಂದ, ಹೊಸ ಹೊಗೆ ನಿಯಮದ ಬಿಎಸ್ 6 ಗಾಡಿಗಳಾದರೆ ತಮ್ಮ ರೋಗವನ್ನು ತಾವೇ ಕೋಡಿನಲ್ಲಿ ಬರೆದು ತೋರಿಸುತ್ತವೆ. ಇದರ ರೋಗವನ್ನು ಕಿವಿಯಿಂದಲೇ ಹಿಡಿಯಬೇಕು. ಕಿವಿ ಎಲ್ಲರಿಗೂ ಇರುವುದರಿಂದ ಸಲಹೆಗೂ ಬರವಿಲ್ಲ. ಹೊಸಪೇಟೆ ರಸ್ತೆಯ ಹೋಟೆಲ್ಲಿನ ಮುಂದೆ ಬಾನೆಟ್ ಎತ್ತಿದರೆ ಸಾಕು, ಒಗ್ಗರಣೆ ಮಿರ್ಚಿ ತಿನ್ನುತ್ತಿದ್ದವರೂ ತಟ್ಟೆ ಹಿಡಿದುಕೊಂಡೇ ಬಂದುಬಿಡುತ್ತಾರೆ. ಒಬ್ಬರು ಅದಿರಿನ ಕೆಂಪು ಧೂಳು ಏರ್ ಫಿಲ್ಟರ್ ಕಟ್ಟಿದೆ ಎಂದರೆ, ಇನ್ನೊಬ್ಬರು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಹೋಗಿದೆ ಎನ್ನುತ್ತಾರೆ. ಮೂರನೆಯವರು ಮಾತಾಡುವುದಿಲ್ಲ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಡೀಸೆಲ್ ಪಂಪಿನಲ್ಲಿ ನಿಂತಾಗಿನ ವೇಗ ಹೊಂದಿಸುವ ಐಡ್ಲಿಂಗ್ ಸ್ಕ್ರೂ ತಿರುಗಿಸಿಯೇ ಬಿಡುತ್ತಾರೆ. ಎಂಜಿನ್ನಿನ ವೇಗ ಏರುತ್ತದೆ, ಕುಣಿತ ಮರೆಯಾಗುತ್ತದೆ, ಜನ ತಲೆದೂಗುತ್ತಾರೆ. ರೋಗ ಮಾತ್ರ ಇದ್ದಲ್ಲೇ ಇರುತ್ತದೆ, ಜೊತೆಗೆ ಡೀಸೆಲ್ ಖರ್ಚು ಬೇರೆ.

ಡ್ರೈವರ್ ಈ ಗುಂಪಿಗೆ ಸೇರಿದವನಲ್ಲ. ಅವನು ಸಿರುಗುಪ್ಪದ ಅಕ್ಕಿ ಹೇರಿಕೊಂಡು ಹುಬ್ಬಳ್ಳಿಗೆ ಹೋಗುವಾಗ ದಾರಿಯಲ್ಲಿ ಮುನಿರಾಬಾದಿನ ಹತ್ತಿರದ ಹುಲಿಗೆಮ್ಮನಿಗೆ ಕಾಯಿ ಒಡೆದೇ ಮುಂದೆ ಹೋಗುವವನು. ಹೋಗುವಾಗ ಲಾರಿ ಹಸುವಿನಂತೆ ಇರುತ್ತಿತ್ತು. ಬರುವಾಗ ಕೊಪ್ಪಳ ದಾಟಿ ಮುನಿರಾಬಾದಿನ ಹತ್ತಿರ ಎಲ್ಲಿ ನಿಲ್ಲಿಸಿದರೂ ಕುಣಿಯುತ್ತಿತ್ತು. ಬರುವಾಗ ಅಮ್ಮನನ್ನು ಮಾತಾಡಿಸದೆ ಬಂದದ್ದೇ ಕಾರಣ ಎಂದು ಅವನು ತೀರ್ಮಾನಿಸಿದ. ಮುಂದಿನ ಸಲ ವಾಪಸಾಗುವಾಗಲೂ ಕಾಯಿ ಒಡೆದ. ಲಾರಿ ಕುಣಿಯಲಿಲ್ಲ! ಇಂಥ ಪುರಾವೆಯ ಎದುರು ವಾದಿಸುವುದು ಕಷ್ಟ. ಮಾವ ಕಾಯಿಯ ದುಡ್ಡನ್ನೂ ಬಾಡಿಗೆಯ ಲೆಕ್ಕಕ್ಕೆ ಸೇರಿಸಿದರು.

ಆಮೇಲೆ ಲಾರಿಯನ್ನು ನೋಡಿದ ಗ್ಯಾರೇಜಿನ ಉಸ್ತಾದ್ ಇದನ್ನೆಲ್ಲ ನಗದೆ ಕೇಳಿಸಿಕೊಂಡರು. ಮೊದಲು ಎಂಜಿನ್ ಓಡುತ್ತಿರುವಾಗಲೇ ನಾಝಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸಿ ಬಿಗಿ ಮಾಡಿದರು. ಸಡಿಲಿಸಿದಾಗ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದರ್ಥ. ಏನೂ ಬದಲಾಗದಿದ್ದರೆ ಸೋಮಾರಿ ಸಿಕ್ಕಿಬಿದ್ದ ಹಾಗೆ. ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವಾಗ ಆರು ಸಿಲಿಂಡರೂ ಸೇರಿ ಸೆಕೆಂಡಿಗೆ 30 ಸಲ ಸಿಡಿಯಬೇಕು. ಒಂದು ಕೈಕೊಟ್ಟರೆ ಐದು ಕಡಿಮೆ. ಆ ಐದನ್ನು ಕಿವಿಯಲ್ಲೇ ಎಣಿಸುವವರಂತೆ ಉಸ್ತಾದ್ ಕಣ್ಣು ಮುಚ್ಚಿ ನಿಂತಿದ್ದರು. ಆರೂ ದುಡಿಯುತ್ತಿದ್ದವು.

‘ಗಾಳಿ ಎಳೆಯುತ್ತಿದೆ, ಧಣಿ’ ಎಂದರು ಮಾವನಿಗೆ.

ಹಳೆಯ ಪಂಪಿನೊಳಗೆ ಗವರ್ನರ್ ಎಂಬ ಕಾವಲುಗಾರ ಇರುತ್ತಾನೆ. ವೇಗ ತಗ್ಗಿದರೆ ಡೀಸೆಲ್ ಹೆಚ್ಚಿಸುವುದು, ಏರಿದರೆ ಕಡಿಮೆ ಮಾಡುವುದು ಅವನ ಕೆಲಸ. ಡೀಸೆಲ್ ಜೊತೆ ಗಾಳಿಯ ಗುಳ್ಳೆ ಬಂದರೆ ಎಂಜಿನ್ ಕುಗ್ಗುತ್ತದೆ, ಅವನು ಗಾಬರಿಯಿಂದ ಹೆಚ್ಚು ಸುರಿಯುತ್ತಾನೆ. ಗುಳ್ಳೆ ದಾಟಿದೊಡನೆ ವೇಗ ಜಿಗಿಯುತ್ತದೆ, ತಡೆಯುತ್ತಾನೆ. ಅಷ್ಟರಲ್ಲಿ ಇನ್ನೊಂದು ಗುಳ್ಳೆ. ನಿಂತಾಗ ನಾಝಲ್‌ಗೆ ಹೋಗುವ ಡೀಸೆಲ್ ಎಷ್ಟು ಅಲ್ಪವೆಂದರೆ ಪುಟ್ಟ ಗುಳ್ಳೆಯೂ ದೊಡ್ಡ ಕೊರತೆಯೇ. ಇದರ ಮೋಸ ಇನ್ನೊಂದಿದೆ. ಟ್ಯಾಂಕಿನಿಂದ, ಡೀಸೆಲ್ ಎಳೆದುಕೊಡುವ ಫೀಡ್ ಪಂಪಿನವರೆಗಿನ ಪೈಪು ಹೀರುವ ಪೈಪು. ಅದರಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿಯೇ ಒಳಗೆ ನುಗ್ಗುತ್ತದೆ. ಒದ್ದೆ ಗುರುತು ಹುಡುಕುತ್ತ ಕೂತವರಿಗೆ ಏನೂ ಸಿಗುವುದಿಲ್ಲ.

ಉಸ್ತಾದ್ ತಾಮ್ರದ ವಾಷರ್‌ಗಳನ್ನು ಬದಲಿಸಿದರು, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದರು. ಗ್ಯಾರೇಜಿನಲ್ಲಿದ್ದಷ್ಟು ಹೊತ್ತು ಸರಿ, ಮರುದಿನ ಮತ್ತದೇ ಕುಣಿತ. ಆಗ ಅವರು ಟ್ಯಾಂಕಿನ ಪೈಪನ್ನೇ ಬಿಚ್ಚಿ, ಬೇರೊಂದು ಟ್ಯೂಬಿನ ತುದಿಯನ್ನು ಒಂದು ಕ್ಯಾನಿನ ಡೀಸೆಲಿನಲ್ಲಿ ಅದ್ದಿದರು. ಎಂಜಿನ್ ಒಂದೇ ಸಮ ಓಡತೊಡಗಿತು. ಅಲ್ಲಿಗೆ ಪಂಪು, ನಾಝಲ್, ಫಿಲ್ಟರ್ ಎಲ್ಲವೂ ನಿರಪರಾಧಿಗಳು. ಉಸ್ತಾದ್ ಡ್ರೈವರನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: ‘ವಾಪಸಾಗುವಾಗ ಕಾಯಿ ಒಡೆದ ದಿನ ಡೀಸೆಲ್ ಎಲ್ಲಿ ಹಾಕಿಸಿದೆ?’

‘ಗದಗಿನಲ್ಲಿ, ಉಸ್ತಾದರೇ. ಫುಲ್ ಟ್ಯಾಂಕ್.’

ಟ್ಯಾಂಕಿನೊಳಗೆ ತಳದವರೆಗೆ ಇಳಿಬಿಟ್ಟ ಪೈಪಿಗೆ ಅರ್ಧ ಎತ್ತರದಲ್ಲಿ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಟ್ಯಾಂಕ್ ತುಂಬಿರುವಾಗ ಆ ತೂತು ಡೀಸೆಲಿನಲ್ಲಿ ಮುಳುಗಿರುತ್ತದೆ, ಅದೂ ಡೀಸೆಲನ್ನೇ ಹೀರುತ್ತದೆ. ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಮಟ್ಟ ಅರ್ಧಕ್ಕಿಳಿದು ತೂತು ಬಯಲಾಗುತ್ತಿತ್ತು. ಅದು ಮುನಿರಾಬಾದಿನ ಹತ್ತಿರವೇ ಆಗುತ್ತಿದ್ದುದರಲ್ಲಿ ಹುಲಿಗೆಮ್ಮನ ಪಾತ್ರವಿರಲಿಲ್ಲ, ಮೈಲೇಜಿನದಿತ್ತು.

ಅಲ್ಲೇ ಏಕೆ ತುಕ್ಕು? ಉಸ್ತಾದರ ವಾದ ನನಗೆ ಒಪ್ಪಿಗೆಯಾಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅದಿರು ಸಾಗಿಸುತ್ತಿದ್ದ ಲಾರಿಗಳು ಖಾಲಿ ಸೈಟುಗಳಲ್ಲಿ ಸಾಲಾಗಿ ನಿಂತವು. ಮಾವನದೂ ನಿಂತಿತ್ತು, ಅರ್ಧ ಟ್ಯಾಂಕ್ ಡೀಸೆಲಿನೊಂದಿಗೆ. ಡೀಸೆಲ್ ಇದ್ದಷ್ಟು ಭಾಗಕ್ಕೆ ಅದೇ ರಕ್ಷೆ. ಮೇಲಿನ ಖಾಲಿ ಜಾಗದ ಗಾಳಿಯಲ್ಲಿದ್ದ ತೇವ ತಣ್ಣಗಾಗಿ ಕಬ್ಬಿಣಕ್ಕೆ ಅಂಟಿ ಆಗಲೇ ತಿನ್ನಲು ಶುರುಮಾಡಿತ್ತಂತೆ. ಕೋರ್ಟಿನ ಆದೇಶ ಲಾರಿಯ ಹೊಟ್ಟೆಯೊಳಗೂ ಇಷ್ಟು ವರ್ಷ ಜಾರಿಯಲ್ಲಿತ್ತು ಎಂದು ಯಾರು ಊಹಿಸಿಯಾರು?

ಹೊಸ ಪೈಪಿಗೆ ತಗಲಿದ್ದು ತೀರ ಕಡಿಮೆ. ಆದರೆ ಬಿಲ್ಲಿನಲ್ಲಿ ಐಡ್ಲಿಂಗ್ ಸೆಟ್ಟಿಂಗಿಗೆಂದು ಅದಕ್ಕಿಂತ ಹೆಚ್ಚು ಬರೆದಿದ್ದನ್ನು ಕಂಡು ಮಾವ ಹುಬ್ಬೇರಿಸಿದರು.

‘ಪೈಪು ಕೆಡಿಸಿದ್ದು ಬರೀ ತುಕ್ಕು, ಧಣಿ’ ಎಂದರು ಉಸ್ತಾದ್, ಕೈ ಒರೆಸಿಕೊಳ್ಳುತ್ತ. ‘ಸ್ಕ್ರೂ ಕೆಡಿಸಿದ್ದು ಅರ್ಧ ಬಳ್ಳಾರಿ.’